ಪಂಚನಾಮೆಗೆ ಸಹಿ ಹಾಕುವ ಮುಂಚೆ ಸ್ಟೌ ಕಡೆ ಒಮ್ಮೆ ನೋಡಿ

ಜಕ್ಕೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಎದುರಿಗೆ ಒಬ್ಬರು ತಾತ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲೆಲ್ಲ ರಾಗಿ ಹೊಲ, ದ್ರಾಕ್ಷಿ ತೋಟ ಇತ್ತು ಅನ್ನುತ್ತಾರೆ. ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನ ತಲೆ ಮೇಲೆ ಹೋದರೆ ಇವತ್ತಿಗೂ ಮಾತು ನಿಲ್ಲಿಸಿ ಮೇಲೆ ನೋಡುತ್ತಾರೆ. ನಾವು ಪತ್ರಿಕೋದ್ಯಮ ಓದಿದವರು, ಊರೂರಿನ ಸುದ್ದಿ ಬರೆಯುವವರು ಅಂತ ಗೊತ್ತಾದ ಮೇಲೆ ಒಂದು ಸಂಜೆ ಅವರೇ ಬಾಯಿಬಿಟ್ಟರು.

"ನಾನೂ ಒಂದು ಪಂಚನಾಮೆಗೆ ಸಹಿ ಹಾಕಿವ್ನಿ ಕಣ್ರಪ್ಪ. ಹಾಕಬಾರ್ದಾಗಿತ್ತು."

ಮೂವತ್ತು ವರ್ಷದ ಹಿಂದಿನ ಮಾತು. ನೆಂಟರ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಸೊಸೆ ಸುಟ್ಟುಕೊಂಡು ಸತ್ತಿದ್ದಳು. ಮದುವೆಯಾಗಿ ಎರಡೇ ವರ್ಷ. "ಸ್ಟೌ ಸಿಡೀತು" ಅಂತ ಮನೆಯವರು ಹೇಳಿದರು. ಪೊಲೀಸರು ಬಂದು ಪಂಚರು ಬೇಕು ಅಂದಾಗ ಊರಿನವರು ಒಬ್ಬೊಬ್ಬರೇ ಹಿಂದೆ ಸರಿದರು. ಸುಮ್ಮನೆ ನಿಂತಿದ್ದ ಇವರನ್ನು ಕರೆದು ಕೂರಿಸಿದರು. ತಾತ ಒಳಗೆ ಹೋಗಿ ನೋಡಿದ್ದರು. ಸ್ಟೌ ಅಡುಗೆ ಕಟ್ಟೆಯ ಮೇಲೆ ನೆಟ್ಟಗೆ ನಿಂತಿತ್ತು. ಅದರ ಮೇಲಿದ್ದ ಹಾಲಿನ ಪಾತ್ರೆ ಅಲುಗಿರಲಿಲ್ಲ. ಹುಡುಗಿಯ ತಲೆಕೂದಲು, ಹೆಗಲು, ಬೆನ್ನು ಕರಕಲಾಗಿತ್ತು. ಮೊಣಕಾಲಿನ ಕೆಳಗೆ ಏನೂ ಆಗಿರಲಿಲ್ಲ, ಕಾಲುಂಗುರ ಹಾಗೇ ಹೊಳೆಯುತ್ತಿತ್ತು.

ಕಾಗದದಲ್ಲಿ ಏನು ಬರೆದಿದ್ದಾರೆ ಅಂತ ಇವರು ಕೇಳಲಿಲ್ಲ, ಅವರೂ ಓದಿ ಹೇಳಲಿಲ್ಲ. "ಇಲ್ಲಿ ಹಾಕಿ ಯಜಮಾನ್ರೇ" ಅಂದರು, ಹಾಕಿದರು. ಕೇಸು ಅಸಹಜ ಸಾವು ಅಂತ ಮುಗಿಯಿತು.

ತಾತನನ್ನು ದೂರಲು ನಮಗೆ ಯೋಗ್ಯತೆ ಇಲ್ಲ. ತಾಲ್ಲೂಕು ವರದಿಗಾರಿಕೆ ಕಲಿಯುವಾಗ ನಮ್ಮಲ್ಲಿ ಹಲವರು "ಸ್ಟೌ ಸಿಡಿದು ಗೃಹಿಣಿ ಸಾವು" ಅಂತ ಮೂರು ಸಾಲು ಬರೆದವರೇ. ಠಾಣೆಯಿಂದ ಬಂದ ಚೀಟಿ ನೋಡಿ ಬರೆದೆವು. ಸ್ಟೌ ನೋಡಲಿಲ್ಲ, ಆಸ್ಪತ್ರೆಗೆ ಹೋಗಲಿಲ್ಲ. ನಮ್ಮಲ್ಲಿ ಒಬ್ಬಳಂತೂ ಒಂದೇ ತಿಂಗಳಲ್ಲಿ ಅಂಥ ಎರಡು ಸುದ್ದಿ ಬರೆದು, ಹೆಸರು ಮತ್ತು ಊರು ಬಿಟ್ಟರೆ ಉಳಿದ ಪದಗಳನ್ನೆಲ್ಲ ಹಾಗೇ ಇಟ್ಟಿದ್ದಳು.

ಹೀಗೆ ಬರೆದ ಸಾಲುಗಳು ಸೇರಿದರೆ ಎಷ್ಟಾಗುತ್ತವೆ ಅನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಲೆಕ್ಕವಿದೆ. 1997ರಲ್ಲಿ ಈ ಒಂದು ನಗರದಲ್ಲಿ 1,133 ಹೆಂಗಸರ ಸಾವುಗಳು ಅಸಹಜ ಅಂತ ದಾಖಲಾದವು. ಅವುಗಳಲ್ಲಿ ಕೊಲೆ ಅಂತ ತನಿಖೆಯಾದದ್ದು 157. ಆತ್ಮಹತ್ಯೆ ಅಂತ 546, ಆಕಸ್ಮಿಕ ಅಂತ 430. ಮಹಿಳೆಯರ ಪರ ಕೆಲಸ ಮಾಡುವ ವಿಮೋಚನಾ ಸಂಘಟನೆಯವರು ಈ ಕಡತಗಳ ಬೆನ್ನು ಹತ್ತಿದರು. ಆ ವರ್ಷ ಜನವರಿಯಿಂದ ಸೆಪ್ಟೆಂಬರ್‌ವರೆಗಿನ 550 ಪ್ರಕರಣಗಳಲ್ಲಿ ಶೇ 71ರಷ್ಟು "ಅಡುಗೆ ಮನೆ ಆಕಸ್ಮಿಕ", "ಸ್ಟೌ ಸ್ಫೋಟ" ಅಂತ ಮುಚ್ಚಿಹೋಗಿದ್ದವು. 1999ರಲ್ಲಿ ಫ್ರಂಟ್‌ಲೈನ್ ಪತ್ರಿಕೆ ಇದನ್ನೆಲ್ಲ ವಿವರವಾಗಿ ಬರೆಯಿತು. ಅದೇ ಸ್ಟೌಗಳನ್ನು ಅತ್ತೆಯರೂ ಹಚ್ಚುತ್ತಿದ್ದರು, ಹೋಟೆಲಿನ ಗಂಡಸರೂ ಹಚ್ಚುತ್ತಿದ್ದರು. ಸಿಡಿಯುವಾಗ ಮಾತ್ರ ಹೊಸದಾಗಿ ಮದುವೆಯಾದ ಸೊಸೆ ಹತ್ತಿರ ಇದ್ದಾಗಲೇ ಸಿಡಿಯುತ್ತಿತ್ತೇ?

ಈ ಕಾಗದಗಳಲ್ಲಿ ಊರಿನವರ ಪಾಲೂ ಇದೆ. ಅಸಹಜವಾಗಿ ಯಾರಾದರೂ ಸತ್ತರೆ ಪೊಲೀಸರು ಶವ ಇರುವ ಜಾಗಕ್ಕೆ ಬರಬೇಕು, ನೆರೆಹೊರೆಯ ಕನಿಷ್ಠ ಇಬ್ಬರು ಗೌರವಸ್ಥರ ಎದುರು ಪಂಚನಾಮೆ ಬರೆಯಬೇಕು, ಮೈಮೇಲಿನ ಗಾಯ, ಗುರುತು ಎಲ್ಲ ವರ್ಣಿಸಬೇಕು, ಸಾವಿಗೆ ಮೇಲ್ನೋಟದ ಕಾರಣ ಏನು ಅಂತ ಹೇಳಬೇಕು. ಇದು ಮೊದಲು ಸಿಆರ್‌ಪಿಸಿಯ 174ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯಲ್ಲಿ 194ನೇ ಕಲಂ. ಅದರಲ್ಲಿ ಯಾರೂ ನಮಗೆ ಹೇಳದ ಒಂದು ಮಾತಿದೆ: ಆ ವರದಿಗೆ ಪೊಲೀಸ್ ಅಧಿಕಾರಿ ಮತ್ತು ಪಂಚರು ಸಹಿ ಹಾಕಬೇಕು, ಅಥವಾ ಪಂಚರಲ್ಲಿ ಯಾರು ಯಾರು ಅದನ್ನು ಒಪ್ಪುತ್ತಾರೋ ಅವರು ಹಾಕಬೇಕು. ಅಂದರೆ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕಲೇಬೇಕು ಅಂತ ಕಾನೂನು ಹೇಳುವುದಿಲ್ಲ. ತಾತನಿಗೆ ಇದನ್ನು ಹೇಳಿದಾಗ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಒಪ್ಪಬೇಕೋ ಬೇಡವೋ ಅಂತ ತಿಳಿಯಬೇಕಾದರೆ ನೋಡುವುದು ಹೇಗೆ ಅಂತ ಸ್ವಲ್ಪ ಗೊತ್ತಿರಬೇಕು. ವಿಧಿವಿಜ್ಞಾನ ವೈದ್ಯರು ವರ್ಷಗಟ್ಟಲೆ ಕಲಿಯುವುದನ್ನು ಒಂದು ಬರಹದಲ್ಲಿ ಹೇಳಲಾಗದು. ಆದರೂ ಕಣ್ಣಿಗೆ ಕಾಣುವ ಕೆಲವು ಸಂಗತಿಗಳಿವೆ, ಅವು ದನ ಕಾಯುವವರಿಗೂ ಅರ್ಥವಾಗುತ್ತವೆ. ಬೆಂಕಿ ಎಂದೂ ಕೆಳಗಿಂದ ಮೇಲಕ್ಕೆ ಏರುತ್ತದೆ. ದ್ರವ ಎಂದೂ ಮೇಲಿಂದ ಕೆಳಕ್ಕೆ ಹರಿಯುತ್ತದೆ. ಸುಟ್ಟ ಗಾಯ ಓದುವ ವಿದ್ಯೆಯಲ್ಲಿ ಅರ್ಧಪಾಲು ಇಷ್ಟೇ.

ಅಡುಗೆ ಮಾಡುವಾಗ ಸೀರೆಗೆ ಬೆಂಕಿ ತಾಗಿದರೆ ಸಾಮಾನ್ಯವಾಗಿ ಸೆರಗಿಗೋ ನೆರಿಗೆಗೋ ತಾಗುತ್ತದೆ. ಒಂದು ಮಗ್ಗುಲು ಅಥವಾ ಮುಂಭಾಗ ಹೆಚ್ಚು ಸುಡುತ್ತದೆ. ತೊಡೆ, ಹೊಟ್ಟೆ, ಎದೆ, ಹೀಗೆ ಬೆಂಕಿ ಮೇಲೇರುತ್ತದೆ. ಆರಿಸಲು ಹೋದ ಕೈಗಳು ಸುಟ್ಟಿರುತ್ತವೆ. ಪಂಪ್ ಸ್ಟೌ ನಿಜಕ್ಕೂ ಸಿಡಿದಿದ್ದರೆ ಸ್ಟೌ ಅದನ್ನು ಹೇಳುತ್ತದೆ: ಟ್ಯಾಂಕ್ ಬಿರಿದಿರುತ್ತದೆ, ಬರ್ನರ್ ಕಿತ್ತಿರುತ್ತದೆ, ಗೋಡೆ, ಪಾತ್ರೆ, ಚಾವಣಿಗೆ ಎಣ್ಣೆ ಮತ್ತು ಮಸಿ ಎರಚಿರುತ್ತದೆ. ಎದುರಿಗಿದ್ದವರ ಮುಖ, ಎದೆ, ಕೈ ಸುಟ್ಟಿರುತ್ತದೆ. ಬೆನ್ನು ಸಾಮಾನ್ಯವಾಗಿ ಉಳಿದಿರುತ್ತದೆ.

ಮೈಮೇಲೆ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಸುರಿದಿದ್ದರೆ ಚಿತ್ರ ಬೇರೆ. ಎಣ್ಣೆ ತಲೆಯಿಂದ ಹೆಗಲು, ಬೆನ್ನು, ಎದೆಗೆ ಇಳಿಯುತ್ತದೆ, ಅಲ್ಲೇ ಸುಟ್ಟದ್ದು ಆಳವಾಗಿರುತ್ತದೆ. ಎಣ್ಣೆ ತಲುಪದ ಪಾದ, ಕಣಕಾಲು ಉಳಿದಿರಬಹುದು. ಕೂದಲ ಬುಡದಲ್ಲಿ, ಕಂಕುಳಲ್ಲಿ, ಸುಡದೆ ಉಳಿದ ಬಟ್ಟೆಯ ಚೂರಿನಲ್ಲಿ ವಾಸನೆ ನಿಂತಿರುತ್ತದೆ. ತಾತ ನೋಡಿದ್ದು ಇದನ್ನೇ. ಅವರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಹಾಲಿನ ಪಾತ್ರೆ ಮತ್ತು ಕಾಲುಂಗುರ ಮೂವತ್ತು ವರ್ಷ ಅವರ ತಲೆಯಿಂದ ಹೋಗಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ಇದನ್ನು ಓದಿ ನಾಳೆಯೇ ಯಾರನ್ನೋ ಕೊಲೆಗಾರ ಅನ್ನಬೇಡಿ. ಎಣ್ಣೆ ಸುರಿಯಲಾಗಿದೆ ಅಂತ ಮೈ ಹೇಳಬಹುದು, ಯಾರ ಕೈ ಸುರಿಯಿತು ಅಂತ ಹೇಳುವುದಿಲ್ಲ. ಆತ್ಮಹತ್ಯೆ ಮಾಡಿಕೊಳ್ಳುವವರೂ ತಲೆ ಮೇಲೇ ಸುರಿದುಕೊಳ್ಳುತ್ತಾರೆ. ಸೋರುವ ಸ್ಟೌ ಹತ್ತಿರ ದಿನವೂ ಕೂರುವವಳ ಸೀರೆಯಲ್ಲಿ ಸೀಮೆಎಣ್ಣೆ ವಾಸನೆ ಇದ್ದೇ ಇರುತ್ತದೆ, ವಾಸನೆಯೊಂದೇ ಸಾಕ್ಷಿಯಲ್ಲ. ಹಾಗಾಗಿ ಜಾಗವನ್ನೂ ಓದಬೇಕು. ಬಾಗಿಲು ಒಳಗಿಂದ ಚಿಲಕ ಹಾಕಿತ್ತೇ, ಹೊರಗಿಂದಲೇ? ಡಬ್ಬಿ ಎಲ್ಲಿತ್ತು, ಮುಚ್ಚಳ ಎಲ್ಲಿತ್ತು? ಕಡ್ಡಿಪೆಟ್ಟಿಗೆ ಎಲ್ಲಿತ್ತು? "ನಾನೇ ಓಡಿ ಹೋಗಿ ಆರಿಸಿದೆ" ಅನ್ನುವವರ ಅಂಗೈ, ಮುಂಗೈ ರೋಮ ಹೇಗಿದೆ? ಉರಿಯುವ ಮನುಷ್ಯರನ್ನು ತಬ್ಬಿ ಆರಿಸಿದವರ ಕೈಗೆ ಒಂದು ಬೊಬ್ಬೆಯೂ ಬರದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ. ಸುಡದ ಭಾಗದಲ್ಲಿ ಹಳೆಯ ಬಾಸುಂಡೆ, ಕುತ್ತಿಗೆಯಲ್ಲಿ ಒತ್ತಿದ ಗುರುತು ಇದ್ದರೆ ಅದೂ ಪಂಚನಾಮೆಯಲ್ಲಿ ಇರಬೇಕು. ಕಂಡದ್ದನ್ನು ಕಂಡಂತೆ ಬರೆಸುವುದಷ್ಟೇ ಪಂಚರ ಕೆಲಸ. ಕೊಲೆಯೋ ಆತ್ಮಹತ್ಯೆಯೋ ಅಂತ ತೀರ್ಪು ಕೊಡಲು ನಿಮ್ಮನ್ನು ಕರೆದಿಲ್ಲ. "ಆಕಸ್ಮಿಕ" ಅನ್ನುವುದೂ ಒಂದು ತೀರ್ಪೇ ಅನ್ನುವುದನ್ನು ಮಾತ್ರ ಮರೆಯಬೇಡಿ.

ಈಗ ಸೀಮೆಎಣ್ಣೆ ಎಲ್ಲಿದೆ ಅಂತ ಕೇಳುತ್ತೀರಿ. ಹೌದು, ಹಳ್ಳಿಗೂ ಸಿಲಿಂಡರ್ ಬಂದಿದೆ, "ಸ್ಟೌ ಸಿಡೀತು" ಹೋಗಿ "ಗ್ಯಾಸ್ ಲೀಕ್ ಆಯ್ತು" ಬಂದಿದೆ. ನಮ್ಮ ಜಕ್ಕೂರಿನ ಸುತ್ತ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳಲ್ಲಿ ಚಿಕ್ಕ ಸಿಲಿಂಡರ್ ಇಟ್ಟುಕೊಂಡು, ಮಲಗುವ ಜಾಗದಲ್ಲೇ ಅಡುಗೆ ಮಾಡುತ್ತಾರೆ. ಅಲ್ಲಿ ನಿಜವಾದ ಗ್ಯಾಸ್ ಅನಾಹುತಕ್ಕೆ ಬೇಕಾದ್ದೆಲ್ಲ ಇದೆ, ಅನುಮಾನ ಬೇಡ. ಆದರೆ ಅದಕ್ಕೂ ತನ್ನದೇ ಗುರುತಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಕಿಡಿ ತಾಗಿದರೆ ಇಡೀ ಕೋಣೆ ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುತ್ತದೆ. ಬಟ್ಟೆ ಮುಚ್ಚದ ಭಾಗ, ಅಂದರೆ ಮುಖ, ಕೈ, ಕಾಲು, ಮೇಲ್ಮೇಲೆ ಒಂದೇ ಸಮ ಸುಟ್ಟಿರುತ್ತದೆ. ರವಿಕೆಯ ತೋಳು ಮುಗಿಯುವ ಕಡೆ ಗೆರೆ ಎಳೆದ ಹಾಗೆ ಗಾಯ ನಿಲ್ಲಬಹುದು. ಕೋಣೆಯಲ್ಲಿದ್ದ ಎಲ್ಲರಿಗೂ ತಾಗಿರುತ್ತದೆ. ಕಿಟಕಿ ಗಾಜು, ಬಾಗಿಲು, ತಗಡು ಹಾರಿರಬಹುದು. ಗ್ಯಾಸ್ ಹೊತ್ತಿಕೊಂಡ ಕೋಣೆಯಲ್ಲಿ ಒಬ್ಬಳೇ ಸುಟ್ಟು, ಪಕ್ಕದ ಕ್ಯಾಲೆಂಡರ್ ಹಾಳೆಯೂ ಕಂದದೆ ಉಳಿದಿದ್ದರೆ ಸಹಿ ಹಾಕುವ ಕೈ ಸ್ವಲ್ಪ ತಡೆಯಲಿ.

ಬಿಸಿನೀರು, ಸಾರು, ಹಾಲು, ಬೆಲ್ಲದ ಪಾಕದಿಂದ ಬೆಂದದ್ದು ಇನ್ನೊಂದು ಬಗೆ. ಕೂದಲು ಸುಡುವುದಿಲ್ಲ, ಮಸಿ ಇರುವುದಿಲ್ಲ. ನೀರು ಹರಿದ ದಾರಿಯಲ್ಲೇ ಗಾಯ ಹರಿದಿರುತ್ತದೆ, ಕೆಳಗೆ ಹೋದಂತೆ ಆಳ ಕಡಿಮೆಯಾಗುತ್ತದೆ. ಆಕಸ್ಮಿಕವಾಗಿ ಚೆಲ್ಲಿದ್ದರೆ ಸುತ್ತ ಹನಿ ಸಿಡಿದ ಗುರುತುಗಳಿರುತ್ತವೆ. ಪುಟ್ಟ ಮಗುವಿನ ಎರಡೂ ಕಾಲು ಸಾಕ್ಸ್ ಹಾಕಿದ ಹಾಗೆ ಒಂದೇ ಮಟ್ಟಕ್ಕೆ ಬೆಂದಿದ್ದು, ಮೇಲೆ ಒಂದು ಹನಿಯೂ ಸಿಡಿದಿಲ್ಲ ಅಂದರೆ ಆ ಮಗು ತಾನಾಗಿ ಬಿಸಿನೀರಿಗೆ ಇಳಿದಿರುವುದು ಕಷ್ಟ. ಕಾಲಿಗೆ ಬಿಸಿ ತಾಗಿದ ಮಗು ಒದೆಯುತ್ತದೆ, ನೀರು ಎರಚಾಡುತ್ತದೆ. ಎರಚಾಡಿಲ್ಲ ಅಂದರೆ ಯಾರೋ ಹಿಡಿದಿದ್ದರು ಅಂತ ವೈದ್ಯರು ಅನುಮಾನಿಸುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರು ಇದನ್ನು ಓದುತ್ತಿದ್ದರೆ ಈ ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬೀಡಿ, ಊದುಬತ್ತಿ, ಸೌಟು, ಇಸ್ತ್ರಿಪೆಟ್ಟಿಗೆ ಇವುಗಳ ಸುಟ್ಟ ಗುರುತು ಆಯಾ ವಸ್ತುವಿನ ಅಚ್ಚನ್ನೇ ಉಳಿಸುತ್ತದೆ. ಕಾಮಾಲೆ, ಜ್ವರ, ಹೊಟ್ಟೆನೋವು ಅಂತ ಎಳೆ ಕೂಸುಗಳಿಗೆ ಬರೆ ಹಾಕುವುದು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇನ್ನೂ ನಿಂತಿಲ್ಲ. "ಗಾಯದ ಮೇಲೆ ಬರೆ" ಅನ್ನುವುದು ನಮಗೆ ನುಡಿಗಟ್ಟು, ಆ ಕೂಸಿಗೆ ನುಡಿಗಟ್ಟಲ್ಲ. ಅಜ್ಜಿಯರ ಮೇಲಿನ ಪ್ರೀತಿ ಬೇರೆ, ಇದು ಬೇರೆ.

ಆ್ಯಸಿಡ್ ಸುಟ್ಟದ್ದನ್ನು ಬೆಂಕಿ ಸುಟ್ಟದ್ದು ಅಂತ ಹೇಳಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಕೂದಲು ಸೀದಿರುವುದಿಲ್ಲ, ಸಾಮಾನ್ಯವಾಗಿ ಬೊಬ್ಬೆ ಏಳುವುದಿಲ್ಲ, ಹರಿದ ಗೆರೆ ಸ್ಪಷ್ಟವಾಗಿರುತ್ತದೆ, ಬಟ್ಟೆ ತೂತು ಬಿದ್ದಿರುತ್ತದೆ. ಬಣ್ಣವೇ ಹೆಸರು ಹೇಳುತ್ತದೆ: ಗಂಧಕಾಮ್ಲವಾದರೆ ಕಂದು ಮತ್ತು ಕಪ್ಪು, ನೈಟ್ರಿಕ್ ಆದರೆ ಹಳದಿ. ಬೆಂಗಳೂರಿನಲ್ಲಿ 1999ರಲ್ಲಿ ಕೆಲಸ ಬಿಟ್ಟ ಯುವತಿಯೊಬ್ಬರ ಮೇಲೆ ಹಳೆಯ ಮಾಲೀಕ ಆ್ಯಸಿಡ್ ಸುರಿದ ಪ್ರಕರಣದಲ್ಲಿ ಹೈಕೋರ್ಟ್ 2006ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿಗೆ ಮುಗಿಯಲಿಲ್ಲ. 2024ರ ಮಾರ್ಚ್‌ನಲ್ಲಿ ದಕ್ಷಿಣ ಕನ್ನಡದ ಕಡಬದಲ್ಲಿ ಪರೀಕ್ಷೆಗೆ ಓದುತ್ತಾ ಕಾಲೇಜಿನ ಜಗುಲಿಯಲ್ಲಿ ಕೂತಿದ್ದ ಮೂವರು ಹುಡುಗಿಯರ ಮೇಲೆ ಆ್ಯಸಿಡ್ ಎರಚಲಾಯಿತು. ಆ್ಯಸಿಡ್ ಬಿದ್ದರೆ ಧಾರಾಳವಾಗಿ ನೀರು ಸುರಿಯುತ್ತಲೇ ಇರಬೇಕು. ಯಾವ ಆಸ್ಪತ್ರೆಯೂ, ಖಾಸಗಿಯದೂ ಸೇರಿ, ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು ಅಂತ ಕಾನೂನಿದೆ.

ಕರೆಂಟಿನ ವಿಷಯ ರೈತರಿಗೆ ಬಹಳ ಮುಖ್ಯ. ಪಂಪ್‌ಸೆಟ್ ಸ್ಟಾರ್ಟರ್ ಹತ್ತಿರ, ಮೋಟಾರ್ ಹತ್ತಿರ, ತುಂಡಾದ ತಂತಿ ಹತ್ತಿರ ಸತ್ತವರ ಮೈಮೇಲೆ ದೊಡ್ಡ ಸುಟ್ಟಗಾಯ ಹುಡುಕಬೇಡಿ. ಮನೆಯ ಕರೆಂಟು ಒಳಹೊಕ್ಕ ಕಡೆ ಕೆಲವೊಮ್ಮೆ ಬೆರಳ ತುದಿಯಲ್ಲಿ ಒಂದು ಚಿಕ್ಕ ಕುಳಿ ಇರುತ್ತದೆ, ಸುತ್ತ ಬಿಳುಚಿದ ಅಂಚು. ಹೊರಹೋದ ಕಡೆ, ಹೆಚ್ಚಾಗಿ ಪಾದದಲ್ಲಿ, ಇನ್ನೊಂದು. ಕೈ ಒದ್ದೆಯಾಗಿದ್ದರೆ ಗುರುತೇ ಬೀಳದಿರಬಹುದು. "ಗಾಯ ಏನೂ ಇಲ್ಲ, ಹಾರ್ಟ್ ಅಟ್ಯಾಕ್" ಅಂತ ಅಂದೇ ಮಣ್ಣು ಮಾಡಿಬಿಟ್ಟರೆ ಆಮೇಲೆ ವಿದ್ಯುತ್ ಕಂಪನಿಯ ಮುಂದೆ ಪರಿಹಾರ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಪೋಸ್ಟ್‌ಮಾರ್ಟಂ ಮಾಡಿಸಿ, ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡುವ ತನಕ ತಂತಿ, ಸ್ಟಾರ್ಟರ್ ಇದ್ದಲ್ಲೇ ಇರಲಿ. ಸಿಡಿಲಿಗೂ ಇದೇ ಮಾತು. ಸಿಡಿಲು ಬಡಿದ ಮೈಮೇಲೆ ಕೆಲವೊಮ್ಮೆ ಜರೀಗಿಡದ ಎಲೆಯಂಥ ಕೆಂಪು ಗೆರೆಗಳು ಮೂಡುತ್ತವೆ. ಜೀವಂತ ಇದ್ದವರಲ್ಲಿ ಅವು ಸ್ವಲ್ಪ ಹೊತ್ತಿಗೆ ಮಾಯವಾಗುತ್ತವೆ. ದೇವರ ಗುರುತಲ್ಲ, ಶಾಪದ ಗುರುತೂ ಅಲ್ಲ. ಫೋಟೊ ತೆಗೆದು ವೈದ್ಯರಿಗೆ ತೋರಿಸಿ, ಗ್ರೂಪಿಗೆ ಹಾಕಬೇಡಿ.

ಗ್ರೂಪಿನ ಮಾತು ಬಂತು. ಬಸ್ಸು, ಕಾರು ಹೊತ್ತಿ ಉರಿದಾಗೆಲ್ಲ ಕರಕಲಾದ ದೇಹದ ಫೋಟೊ ಒಂದು ನಮ್ಮೆಲ್ಲರ ಫೋನಿಗೂ ಬರುತ್ತದೆ. ಮೊಣಕೈ ಮಡಚಿ, ಮುಷ್ಟಿ ಕಟ್ಟಿ, ಕುಸ್ತಿಗೆ ನಿಂತ ಹಾಗಿರುತ್ತದೆ. "ಕೊನೆ ತನಕ ಹೋರಾಡಿದ್ದಾನೆ", "ಯಾರೋ ಕಟ್ಟಿಹಾಕಿ ಸುಟ್ಟಿದ್ದಾರೆ" ಅಂತ ಕೆಳಗೆ ಬರೆದಿರುತ್ತಾರೆ. ಎರಡೂ ಆ ಭಂಗಿಯಿಂದ ಹೇಳಲಾಗದು. ಜೋರು ಶಾಖಕ್ಕೆ ಮಾಂಸಖಂಡ ಸೆಟೆದು ಕುಗ್ಗುತ್ತದೆ, ಮಡಚುವ ಖಂಡಗಳು ಹೆಚ್ಚು ಬಲವಾದ್ದರಿಂದ ಕೈಕಾಲು ಮಡಚಿಕೊಳ್ಳುತ್ತವೆ. ಸತ್ತ ಮೇಲೆ ಸುಟ್ಟರೂ ಹಾಗೇ ಆಗುತ್ತದೆ. ಶಾಖಕ್ಕೆ ಚರ್ಮ ಬಿರಿದದ್ದು ಚಾಕು ಹಾಕಿದ ಹಾಗೆ ಕಾಣುತ್ತದೆ, ತಲೆಬುರುಡೆ ಬಿರಿದರೆ ದೊಣ್ಣೆ ಏಟಿನ ಹಾಗೆ ಕಾಣುತ್ತದೆ. ಇದನ್ನು ಬಿಡಿಸಿ ಹೇಳುವುದು ವೈದ್ಯರ ಕೆಲಸ. ಇಲ್ಲಿ ನಮ್ಮ ನಿಮ್ಮ ಕಣ್ಣು ಸಾಲದು.

ಬದುಕಿದ್ದಾಗ ಬೆಂಕಿ ತಾಗಿತೋ, ಕೊಂದು ಆಮೇಲೆ ಸುಟ್ಟರೋ ಅನ್ನುವುದನ್ನೂ ಅವರೇ ಹೇಳಬೇಕು. ಉಸಿರಾಡುತ್ತಿದ್ದವರು ಹೊಗೆ ಎಳೆದುಕೊಂಡಿರುತ್ತಾರೆ, ಶ್ವಾಸನಾಳದ ಒಳಗೆ ಮಸಿ ಇರುತ್ತದೆ, ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿ ಅದು ಚೆರ್ರಿ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಯದ ಸುತ್ತ ಕೆಂಪು ಅಂಚು ಇರುತ್ತದೆ. ಸತ್ತವರು ಉಸಿರಾಡುವುದಿಲ್ಲ. ಹಾಗಂತ ಮಸಿ ಇಲ್ಲದಿದ್ದರೆ ಕೊಲೆ ಅಂತಲೂ ಅಲ್ಲ, ಬಯಲಲ್ಲಿ ಪೆಟ್ರೋಲ್ ಧಗ್ಗನೆ ಉರಿದಾಗ ಹೊಗೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಇನ್ನು ಬೆಂಕಿ ಮುಟ್ಟದೆಯೂ ಬೆಂಕಿ ಕೊಲ್ಲುತ್ತದೆ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಸತ್ತ 9 ಮಂದಿಯನ್ನು ನೆನೆಸಿಕೊಳ್ಳಿ. ಅಲ್ಲಿ ಜನರನ್ನು ಕೊಂದದ್ದು ಹೊಗೆ, ಮತ್ತು ಹೊಗೆ ತಾಳಲಾಗದೆ ಕಿಟಕಿಯಿಂದ ಹಾರಿದ್ದು.

ಇಷ್ಟೆಲ್ಲ ಸಾಕ್ಷಿ ಇದ್ದರೂ ಕೇಸು ಯಾಕೆ ಬೀಳುತ್ತದೆ? ನಮ್ಮ ಅಭಿಪ್ರಾಯದಲ್ಲಿ ಸಾಕ್ಷಿ ಲ್ಯಾಬಿಗೆ ಹೋಗುವ ಮೊದಲೇ ಮನೆಯಂಗಳದಲ್ಲಿ ಹೋಗಿಬಿಡುತ್ತದೆ. ನೆಂಟರು ಬರುವಷ್ಟರಲ್ಲಿ ಅಡುಗೆ ಮನೆ ತೊಳೆದಿರುತ್ತಾರೆ, ಕೆಲವೊಮ್ಮೆ ಸಾರಿಸಿಯೂ ಇರುತ್ತಾರೆ. ಸುಟ್ಟ ಸೀರೆ "ಅಪಶಕುನ" ಅಂತ ತಿಪ್ಪೆಗೆ ಹೋಗಿರುತ್ತದೆ. ಉಳಿದ ಬಟ್ಟೆಯನ್ನು ಗೋಣಿಚೀಲಕ್ಕೋ ಸಾದಾ ಪ್ಲಾಸ್ಟಿಕ್ ಕವರಿಗೋ ಹಾಕಿರುತ್ತಾರೆ. ಸೀಮೆಎಣ್ಣೆ, ಪೆಟ್ರೋಲ್ ಆವಿಯಾಗುವ ವಸ್ತು. ಗಾಳಿಯಾಡದ ಹಾಗೆ ಗಾಜಿನ ಅಥವಾ ತಗಡಿನ ಡಬ್ಬಿಯಲ್ಲಿ ಮುಚ್ಚಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬೇಗ ಕಳಿಸಿದರೆ ಮಾತ್ರ ಯಂತ್ರಕ್ಕೆ ಅದು ಸಿಗುತ್ತದೆ. ವಾರಗಟ್ಟಲೆ ಚೀಲದಲ್ಲಿ ಬಿದ್ದರೆ ವರದಿಯಲ್ಲಿ "ಪತ್ತೆಯಾಗಿಲ್ಲ" ಅಂತ ಬರುತ್ತದೆ. ಕೋರ್ಟಿನಲ್ಲಿ ಅದೇ "ಸುರಿದೇ ಇಲ್ಲ" ಅಂತ ಆಗುತ್ತದೆ.

ಇನ್ನೊಂದು ಸಾಕ್ಷಿ ಗಾಯಾಳುವಿನ ಬಾಯಿ. ಮೈ ಪೂರ್ತಿ ಸುಟ್ಟವರೂ ಕೆಲವು ಗಂಟೆ, ಕೆಲವು ದಿನ ಸ್ಪಷ್ಟವಾಗಿ ಮಾತಾಡುತ್ತಾರೆ. ಆಳವಾಗಿ ಸುಟ್ಟ ಕಡೆ ನರಗಳೇ ಸುಟ್ಟಿರುವುದರಿಂದ ಅಲ್ಲಿ ನೋವು ಕಡಿಮೆ. "ನೋವಿಲ್ಲ ಅಂತಾಳೆ, ಉಳ್ಕೋತಾಳೆ" ಅಂತ ಮನೆಯವರು ಸಮಾಧಾನ ಪಡುವುದು ಇದರಿಂದಲೇ. ವೈದ್ಯರು ಲೆಕ್ಕ ಹಾಕುವುದು ಬೇರೆ: ತಲೆ ಶೇ 9, ಒಂದೊಂದು ಕೈ ಶೇ 9, ಒಂದೊಂದು ಕಾಲು ಶೇ 18, ಮುಂಭಾಗ 18, ಬೆನ್ನು 18, ಉಳಿದ ಒಂದು ಜನನಾಂಗದ ಭಾಗ. ಗಾಯಾಳುವಿನ ಅಂಗೈ ಬೆರಳು ಸೇರಿ ಸುಮಾರು ಶೇ 1. ಈ ಲೆಕ್ಕ ಏರಿದಷ್ಟೂ ಸಮಯ ಕಡಿಮೆ.

ಆ ಸಮಯದಲ್ಲಿ ಹಾಸಿಗೆಯ ಪಕ್ಕ ಯಾರು ನಿಂತಿರುತ್ತಾರೆ? ಹೆಚ್ಚಾಗಿ ಗಂಡ, ಅತ್ತೆ, ಮಾವ. ಕಂಕುಳಲ್ಲಿ ಅವಳದೇ ಮಗು. "ಏನಾಯ್ತಮ್ಮ" ಅಂತ ಕೇಳಿದರೆ ಅವಳು ಇನ್ನೇನು ಹೇಳಿಯಾಳು? ಸ್ಟೌ ಸಿಡೀತು ಅಂತಾಳೆ. ತಾನು ಸತ್ತ ಮೇಲೆ ಮಗು ಆ ಮನೆಯಲ್ಲೇ ಬೆಳೆಯಬೇಕು. ಹೇಳಿಕೆ ತೆಗೆದುಕೊಳ್ಳುವಾಗ ಮನೆಯವರನ್ನು, ಎರಡೂ ಕಡೆಯವರನ್ನು, ಹೊರಗೆ ಕಳಿಸಲೇಬೇಕು. ಮರಣಪೂರ್ವ ಹೇಳಿಕೆ ನಂಬಲರ್ಹವಾಗಿದ್ದರೆ ಅದೊಂದರ ಮೇಲೇ ಶಿಕ್ಷೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ವೈದ್ಯರ ಸರ್ಟಿಫಿಕೇಟ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಅಂತ 2002ರಲ್ಲಿ ಸಂವಿಧಾನ ಪೀಠ ಹೇಳಿದೆ. ಹೇಳಿಕೆ ಎರಡು ಮೂರು ಬಾರಿ ಬದಲಾಗಿದ್ದರೆ ಕೋರ್ಟು ಅನುಮಾನಿಸುತ್ತದೆ. ಹಾಗಾಗಿ ಮೊದಲ ಹೇಳಿಕೆ ಯಾರ ಎದುರು ಆಯಿತು ಅನ್ನುವುದು ಜೀವದಷ್ಟೇ ಬೆಲೆಯದು.

"ಹಳ್ಳಿಯವರಿಗೆ ಇದೆಲ್ಲ ಯಾಕೆ, ಊರಲ್ಲಿ ವೈರ ಕಟ್ಟಿಕೊಳ್ಳಬೇಕಾ?" ಅಂತ ನಮ್ಮ ಗೆಳೆಯರೇ ಕೇಳಿದರು. ಭಯ ಸುಳ್ಳಲ್ಲ. ಸಾಕ್ಷಿ ಹೇಳಿದವನ ಹೊಲಕ್ಕೆ ನೀರು ಬಿಡದ ಊರುಗಳು ನಮಗೂ ಗೊತ್ತು. ಆದರೆ ನಾವು ಕೇಳುತ್ತಿರುವುದು ಯಾರ ಮೇಲೂ ದೂರು ಹೇಳಿ ಅಂತ ಅಲ್ಲ. ಸ್ಟೌ ಬಿರಿದಿರಲಿಲ್ಲ ಅಂತ ಇದ್ದರೆ "ಸ್ಟೌ ಬಿರಿದಿರಲಿಲ್ಲ" ಅಂತ ಒಂದು ಸಾಲು ಸೇರಿಸಿ ಅಂತ. ಆ ಸಾಲು ಯಾರ ಹೆಸರನ್ನೂ ಹೇಳುವುದಿಲ್ಲ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನ ಬರುವ ಹಾಗೆ ಸತ್ತರೆ ಶವವನ್ನು ಪೋಸ್ಟ್‌ಮಾರ್ಟಂಗೆ ಕಳಿಸಬೇಕು, ತಹಶೀಲ್ದಾರ್ ಮಟ್ಟದ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬಹುದು. ಆ ಅನುಮಾನ ಕಾಗದದ ಮೇಲೆ ಮೊದಲು ಮೂಡಬೇಕಾದ ಜಾಗ ಪಂಚನಾಮೆ.

ಸರ್ಕಾರದಿಂದಲೂ ನಮಗೆ ಬೇಕಾದದ್ದು ದೊಡ್ಡದೇನಲ್ಲ. ಪಂಚನಾಮೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಪಡೆಯಲಿ. ತಾಲ್ಲೂಕು ಆಸ್ಪತ್ರೆಗೆ ಬರುವ ಪ್ರತಿ ಸುಟ್ಟ ಗಾಯಾಳುವಿಗೂ ಮೈಯ ಮುಂಭಾಗ, ಹಿಂಭಾಗದ ಚಿತ್ರ ಇರುವ ಹಾಳೆಯಲ್ಲಿ ಎಲ್ಲೆಲ್ಲಿ ಸುಟ್ಟಿದೆ, ಎಲ್ಲಿ ಇಲ್ಲ ಅಂತ ಗುರುತು ಹಾಕಲಿ. ಡ್ರೆಸ್ಸಿಂಗ್ ಮಾಡುವ ಮುಂಚೆ ಒಂದು ಫೋಟೊ ಇರಲಿ. ಬೆಂಗಳೂರಿನ ವಿಕ್ಟೋರಿಯಾಕ್ಕೆ ಕಳಿಸುವ ಹೊತ್ತಿಗೆ ಗಾಯ ಪೂರ್ತಿ ಬ್ಯಾಂಡೇಜಿನ ಒಳಗಿರುತ್ತದೆ, ಎಣ್ಣೆ ಹರಿದ ಗೆರೆ ಅಲ್ಲಿ ಯಾರಿಗೂ ಕಾಣುವುದಿಲ್ಲ. ನೀವು ಮಾಡಬಹುದಾದ್ದೂ ಒಂದಿದೆ: ಬೆಂಕಿಯಿಂದ ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ, ಅಷ್ಟೇ. ಇಂಕು, ಪೇಸ್ಟು, ಸಗಣಿ, ಅರಿಶಿನ ಬೇಡ. ನಂಜಾಗುತ್ತದೆ, ಗಾಯದ ಬಣ್ಣ ಮತ್ತು ಆಳ ವೈದ್ಯರಿಗೆ ಕಾಣದಂತಾಗುತ್ತದೆ. ಕತ್ತರಿಸಿ ತೆಗೆದ ಬಟ್ಟೆ ಎಸೆಯಬೇಡಿ.

ನಮ್ಮ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇವೆ. ನಮ್ಮ ಈ ಬ್ಲಾಗಿನಲ್ಲಿ "ಸ್ಟೌ ಸಿಡಿದು", "ಗ್ಯಾಸ್ ಸೋರಿಕೆಯಿಂದ" ಅಂತ ಬರಬೇಕಾದರೆ ನಮ್ಮಲ್ಲಿ ಒಬ್ಬರು ಆ ಸ್ಟೌ ಅಥವಾ ಆ ಕೋಣೆಯನ್ನು ನೋಡಿರಬೇಕು. ನೋಡಿಲ್ಲದಿದ್ದರೆ "ಸುಟ್ಟ ಗಾಯಗಳಿಂದ ಸಾವು, ಕಾರಣ ತನಿಖೆಯಲ್ಲಿದೆ" ಅಂತ ಮಾತ್ರ. ತಡವಾಗುತ್ತದೆ, ಬೇರೆಯವರು ಮೊದಲು ಹಾಕಿಬಿಡುತ್ತಾರೆ. ಹಾಕಲಿ.

ತಾತನಿಗೆ ಈ ಬರಹವನ್ನು ಓದಿ ಹೇಳಿದೆವು. ಕಾಲುಂಗುರದ ವಿಷಯ ತೆಗೆಯಬೇಕಾ ಅಂತ ಕೇಳಿದೆವು. "ಇರ್ಲಿ, ಅದೇ ತಾನೆ ನಾನು ಕಂಡಿದ್ದು" ಅಂದರು. ಆ ಪಂಚನಾಮೆ ಈಗ ಸಿಗುತ್ತಾ ಅಂತ ಅವರು ಕೇಳಿದ್ದಕ್ಕೆ ಉತ್ತರ ಹುಡುಕುತ್ತಿದ್ದೇವೆ. ಪಂಚನಾಮೆಯ ಒಂದು ಪ್ರತಿ ಉಪವಿಭಾಗದ ಮ್ಯಾಜಿಸ್ಟ್ರೇಟ್ ಕಚೇರಿಗೆ ಹೋಗಬೇಕು ಅಂತ ಆಗಲೂ ನಿಯಮವಿತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಿದ್ದೇವೆ, ತಾತ ಸಹಿ ಹಾಕಿದ್ದಾರೆ. ಈ ಸಲ ಪೂರ್ತಿ ಓದಿಸಿಕೊಂಡೇ ಹಾಕಿದರು.